ಕೆರೆಯ ಕರಿ ಪದರ

ಮತ್ತೆ ಒಂದು ಚೂರು ಮಾಯವಾಗಿತ್ತು.

ಮಡಿವಾಳೆಪ್ಪ ಸೀಳಿದ ಕೊಳವೆಯ ಮೇಲೆ ಬಗ್ಗಿ ನೋಡಿದ. ಬರದಲ್ಲಿ ಒಣಗಿದ್ದ ಊರ ಕೆರೆಯ ತಳಕ್ಕೆ ಪೈಪು ಇಳಿಸಿ ತೆಗೆದ ಮಣ್ಣು ಅದು. ನೂರಾರು ವರ್ಷಗಳ ಕೆಸರು ಪದರ ಪದರವಾಗಿ ಕೂತಿತ್ತು. ಅದರೊಳಗಿನ ಹೂವಿನ ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಕಾಲಕ್ಕೆ ಯಾವ ಗಿಡ ಬೆಳೆದಿತ್ತು, ಮಳೆ ಹೇಗಿತ್ತು ಎಂದು ತಿಳಿಯುತ್ತದೆ. ಒದ್ದೆ ಬಟ್ಟೆ ಸುತ್ತಿ, ಅದನ್ನವನು ಕೂಸಿನಂತೆ ನೋಡಿಕೊಳ್ಳುತ್ತಿದ್ದ.

ಎಲ್ಲಕ್ಕಿಂತ ಮುಖ್ಯವಾದದ್ದು ನಡುವಿನ ಕರಿ ಪದರ. ತುಂಬ ಇದ್ದಿಲು. ಜನ ಇಲ್ಲಿ ಕಾಡು ಸುಟ್ಟು ಮೊದಲು ಬಿತ್ತಿದ್ದಕ್ಕೆ ಅದೊಂದೇ ಸಾಕ್ಷಿ. ಅದಿಲ್ಲದಿದ್ದರೆ ಅವನ ಪಿಎಚ್‌ಡಿ ಇಲ್ಲ. ಕಳ್ಳನ ಕೈ ಹೋಗುತ್ತಿದ್ದದ್ದೂ ಅಲ್ಲಿಗೇ. ಎಂಬತ್ತೆಂಟರ ಮುಂಗಾರು ಭರ್ತಿ ಬಂದು ಕೆರೆ ತುಂಬಿತ್ತು. ಇನ್ನೊಮ್ಮೆ ತೆಗೆಯುವ ಮಾತೇ ಇರಲಿಲ್ಲ.

ಮನೆಯಲ್ಲಿ ಮಣ್ಣು ಕೆದಕುವ ಮಕ್ಕಳಿಲ್ಲ. ಮದುವೆಯಾಗಿ ಎಷ್ಟೋ ವರ್ಷವಾಗಿ, ನೆಂಟರೂ ಆ ಮಾತು ಎತ್ತುವುದನ್ನು ಬಿಟ್ಟಿದ್ದರು. ಅನುಮಾನಕ್ಕೆ ಉಳಿದವನು ಮನೆಯ ಮಾಲೀಕ ಈರಪ್ಪ. ಕೆರೆಯಲ್ಲಿ ಬಂಗಾರ ಹುಗಿದಿದೆ ಎಂದು ಗಟ್ಟಿಯಾಗಿ ನಂಬಿದವ. ಮಣ್ಣಿನಲ್ಲಿ ಏನಾದರೂ ಸಿಕ್ಕಿತೇ ಎಂದು ದಿನವೂ ಕೇಳುತ್ತಿದ್ದ.

ಮಡಿವಾಳೆಪ್ಪ ಕೋಣೆಗೆ ಬೀಗ ಜಡಿದು, ಕೀಲಿಕೈಯನ್ನು ದೇವರ ಜಗಲಿಯ ಮೇಲಿಟ್ಟ. ಮರುದಿನ ಕರಿ ಮಣ್ಣು ಇನ್ನಷ್ಟು ಇಳಿದಿತ್ತು.

"ಈರಪ್ಪನ ಹತ್ರ ಇನ್ನೊಂದು ಕೀಲಿಕೈ ಐತಿ," ಎಂದ ಹೆಂಡತಿಗೆ.

ಶಿವಗಂಗವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಪಾಪ, ಆ ಮನಶ್ಯಾನ್ನ ಯಾಕ ಅಂತೀರಿ? ಇಲಿ ತಿಂದಿರಬೇಕು."

"ಇಲಿ ಮಣ್ಣ ತಿಂತೈತೇನ?"

"ಅದಕ್ಕೂ ಬಾಯಿರುಚಿ ಇರತೈತಲ್ರಿ."

ಅವನಿಗೆ ಮೈಯೆಲ್ಲ ಉರಿಯಿತು. ಗಂಡ ತನಗಿಂತ ಕೆಸರನ್ನೇ ಹೆಚ್ಚು ನೋಡುತ್ತಾನೆಂದು ಮೊದಲಿಂದಲೂ ಅವಳಿಗೆ ಈ ಮಣ್ಣಿನ ಮೇಲೆ ಸಿಟ್ಟು. ಈಚೆಗೆ ಮಾತ್ರ ಹೇಳದೆಯೇ ಆ ಕೋಣೆ ಗುಡಿಸುತ್ತಿದ್ದಳು. ಈ ಊರ ನೀರು ಒಗ್ಗಿಲ್ಲವೆಂದು ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದಳು. ಧಾರವಾಡಕ್ಕೆ ಮರಳುವ ಆಸೆಗೆ ಇವಳೇ ಮಣ್ಣನ್ನು ಕಿಟಕಿಯಾಚೆ ಎಸೆಯುತ್ತಿದ್ದಾಳೋ ಏನೋ! ಹಾಗೆ ಯೋಚಿಸಿದ್ದಕ್ಕೆ ತನಗೇ ನಾಚಿಕೆಯಾಗಿ, ಅವನು ಎದ್ದು ಈರಪ್ಪನ ಕಟ್ಟೆಗೆ ನಡೆದ.

ಕಟ್ಟೆಯ ಮೇಲೆ ಅಮೀರಬಿಯೂ ಕೂತಿದ್ದಳು. ಊರಿನ ಅರ್ಧ ಜನ ಹುಟ್ಟುತ್ತಲೇ ಮೊದಲು ಕಂಡದ್ದು ಆ ಮುದುಕಿಯ ಮುಖವನ್ನು. ಹಾಗಾಗಿ ಯಾರನ್ನು ಬೇಕಾದರೂ ಬೈಯುವ ಹಕ್ಕು ಅವಳಿಗಿತ್ತು. ಮಡಿವಾಳೆಪ್ಪ ಕಳವಿನ ಕಥೆ ಹೇಳಿದ. ಈರಪ್ಪ ತನ್ನ ಕೀಲಿಕೈ ಬಾವಿಗೆ ಬಿದ್ದು ವರ್ಷವಾಯಿತೆಂದು ಆಣೆ ಮಾಡಿದ.

ಅಮೀರಬಿ ಎಲೆ ಜಗಿಯುವುದನ್ನು ನಿಲ್ಲಿಸಿದಳು. "ಇಡೀ ಕೊಳವಿ ಒಯ್ದಿಲ್ಲ? ಕರೇದಷ್ಟ?"

"ಹೌದ್ರಿ. ಬರೇ ಇದ್ದಲಿ ಇರೋದು. ಅದೂ ಚೂರು ಚೂರು."

ಮುದುಕಿ ನಕ್ಕ ರಭಸಕ್ಕೆ ಕಟ್ಟೆಯ ಕೆಳಗೆ ಮಲಗಿದ್ದ ನಾಯಿ ಎದ್ದು ಹೋಯಿತು.

"ಮನಿಗೆ ಹೋಗಿ ಅಕ್ಕಾರ ನಾಲಿಗಿ ನೋಡ್ರಿ ಸಾಹೇಬ್ರ, ಕರ್ರಗಿರತೈತಿ," ಎಂದಳು. "ನೋಡಿ, ಹಂಗ ಕಲಘಟಗಿಗೆ ಹೋಗಿ ಒಂದು ಬಣ್ಣದ ತೊಟ್ಟಿಲಕ್ಕ ಹೇಳಿ ಬರ್ರಿ."