ನಾಲ್ಕನೇ ಕಾಲು

ನೂರೈವತ್ತು ವರ್ಷದ ಹಳೇ ಕುರ್ಚಿಯ ಪಕ್ಕದಲ್ಲಿ ನಿಂತು ನಾಯಿ ಹಿಂಗಾಲು ಎತ್ತಿತು. ಟೀ ತಂದಿದ್ದ ಬಡಗಿಯ ಹೆಂಡತಿ ಬಾಗಿಲಲ್ಲೇ ಬೆಪ್ಪಾಗಿ ನಿಂತಳು. "ಅಳಿಯಾ, ಬೇಡ್ವೋ!" ಎಂದು ಅವಳು ಕೂಗುವಷ್ಟರಲ್ಲಿ ಅಳಿಯ ಕೆಲಸ ಮುಗಿಸಿ, ಕಾಲಿಳಿಸಿ, ಏನೂ ನಡೆದೇ ಇಲ್ಲವೆಂಬಂತೆ ಮೈ ಕೊಡವಿಕೊಂಡಿತ್ತು. ನಾಯಿಗೆ ಆ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಉಂಡು ಮಲಗುವುದು, ಊಟ ತಡವಾದರೆ ಮುಖ ಊದಿಸಿಕೊಳ್ಳುವುದು, ಇವೆರಡು ಬಿಟ್ಟರೆ ಹುಟ್ಟಿದಾಗಿನಿಂದ ಅದು ಒಂದು ಹುಲ್ಲುಕಡ್ಡಿಯನ್ನೂ ಎತ್ತಿಟ್ಟಿರಲಿಲ್ಲ.

ಕುರ್ಚಿ ಕೊಳ್ಳಲು ಬಂದಿದ್ದ ಹೋಟೆಲ್ ಯಜಮಾನಿ ಎರಡು ಹೆಜ್ಜೆ ಹಿಂದೆ ಸರಿದಳು. ಯಾವುದೋ ಕಾಲದ ಸಾಹುಕಾರನೊಬ್ಬ ಕೂತಲ್ಲೇ ಪ್ರಾಣ ಬಿಟ್ಟ ಕುರ್ಚಿ ಅದು ಎಂದು ಬಡಗಿ ಆಗಷ್ಟೇ ಅವಳಿಗೆ ಕಣ್ಣಲ್ಲಿ ನೀರು ಬರುವ ಹಾಗೆ ಹೇಳಿ ಮುಗಿಸಿದ್ದ.

"ಮೂಕ ಪ್ರಾಣಿ ಮೇಡಂ, ಅದಕ್ಕೇನು ಗೊತ್ತಾಗತ್ತೆ," ಎಂದು ಅವನು ಹೆಗಲ ಬಟ್ಟೆ ತೆಗೆದು ಒರೆಸಲು ಬಗ್ಗಿದ.

"ತಡೀರಿ, ಒರೆಸಬೇಡಿ. ಮೂರು ಕಾಲನ್ನ ಮೂಸಿ ನೋಡಿ ಬಿಟ್ಟುಬಿಡ್ತು. ಈ ನಾಲ್ಕನೇದಕ್ಕೇ ಯಾಕೆ?"

"ಅದನ್ನ ಅಳಿಯಂದಿರನ್ನೇ ಕೇಳ್ಬೇಕು ಮೇಡಂ."

"ಕೇಳೋದೇನು ಬಂತು! ನಮ್ಮನೇಲೂ ನಾಯಿಗಳಿವೆ. ಬೇಲಿ ರಿಪೇರಿ ಮಾಡಿಸಿದಾಗ ಹಳೇ ಗೂಟಾನೆಲ್ಲ ಬಿಟ್ಟು ಹೊಸ ಗೂಟದ ಮುಂದೇ ಕ್ಯೂ ನಿಂತಿದ್ವು. ಆಗ ತಾನೇ ಕೊಯ್ದ ಮರ ಅಂದ್ರೆ ಅವಕ್ಕೆ ಜೀವ." ಅವಳು ಕುರ್ಚಿಯನ್ನು ಓರೆ ಮಾಡಿ, ಆ ಕಾಲಿನ ತಳವನ್ನು ಕಾರಿನ ಕೀಲಿಯಿಂದ ಕೆರೆದಳು. ಒಳಗಿಂದ ಬೆಣ್ಣೆ ಬಣ್ಣದ ಹಸಿ ಮರ ಇಣುಕಿತು. "ನಿಮ್ಮ ಸಾಹುಕಾರ ನಿನ್ನೆ ತಾನೇ ಸತ್ತ ಹಾಗಿದೆ," ಎಂದವಳೇ ಚೀಲ ಹೆಗಲಿಗೇರಿಸಿ ಹೊರಟುಹೋದಳು.

ಇಡೀ ಕುರ್ಚಿ ಬಡಗಿಯ ಕೈಯಲ್ಲೇ ಹುಟ್ಟಿದ್ದು. ಟೀ ಸೊಪ್ಪು ಕುದಿಸಿದ ನೀರು ಬಳಿದು, ಹೊಗೆಯಲ್ಲಿಟ್ಟು, ಸರಪಳಿಯಿಂದ ಬಡಿದು, ಸೂಜಿಯಲ್ಲಿ ಹುಳ ಕೊರೆದಂಥ ತೂತು ಮಾಡಿ ತಿಂಗಳುಗಟ್ಟಲೆ ಅದಕ್ಕೆ ಮುಪ್ಪು ಬರಿಸಿದ್ದ. ಹೊಸ ಮರದ ವಾಸನೆ ಅಡಗಲೆಂದು ಕಾರ್ಖಾನೆಯ ಮೂಲೆ ಮೂಲೆಗೂ ನುಸಿಗುಳಿಗೆ ಇಟ್ಟಿದ್ದ. ಆದರೆ ಹಿಂದಿನ ದಿನ ಒಂದು ಕಾಲು ಬಿರುಕು ಬಿಟ್ಟಿತ್ತು. ಗಡಿಬಿಡಿಯಲ್ಲಿ ಹೊಸದು ಕೊಯ್ದು, ಕೂಡಿಸಿ, ಮೇಲೆ ಬಣ್ಣ ಬಳಿದಿದ್ದ. ಮನುಷ್ಯರ ಕಣ್ಣಿಗೆ ಮಣ್ಣೆರಚಬಹುದು, ನಾಯಿಯ ಮೂಗಿಗೆ ಏನನ್ನು ಎರಚುವುದು?

ಹೆಂಡತಿಗೆ ಮಾತ್ರ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಎಂದಾದರೂ ಸಿಕ್ಕಿಬಿದ್ದರೆ ಅಂದೇ ಈ ಸುಳ್ಳು ಕಸುಬು ಬಿಟ್ಟು, ಮಾರನೇ ಬೆಳಗ್ಗೆಯೇ ಅವಳಣ್ಣನ ಅಂಗಡಿಗೆ ಶಾಲೆಯ ಬೆಂಚು ಮಾಡಲು ಹೋಗುತ್ತೇನೆಂದು ಗಂಡ ಅವಳ ತಲೆ ಮುಟ್ಟಿ ಆಣೆ ಮಾಡಿದ್ದ. ಬಾಗಿಲಲ್ಲಿ ಯಾರ ಬೂಟಿನ ಸದ್ದು ಕೇಳಿದರೂ ಪೊಲೀಸರೇ ಇರಬೇಕೆಂದು ನಡುಗಿ ನಡುಗಿ ಅವಳು ಹಣ್ಣಾಗಿದ್ದಳು.

"ಆಣೆ ನೆನಪಿದೆ ತಾನೇ?"

"ಹಿಡಿದಿದ್ದು ನಾಯಿ ಕಣೇ!"

"ಯಾರಾದ್ರೇನು? ಮದುವೆಯಾದ ಹೊಸದ್ರಲ್ಲಿ ನಿಮ್ಮ ಅಂಗಿ ತುಂಬ ಹಸಿ ಮರದ ವಾಸನೆ ಇರ್ತಿತ್ತು. ಒಗೆಯೋಕೆ ಮನಸ್ಸು ಬರ್ತಿರಲಿಲ್ಲ ನಂಗೆ. ಈಗ? ನುಸಿಗುಳಿಗೆ ಹಾಕಿಟ್ಟ ಪೆಟ್ಟಿಗೆ ಪಕ್ಕ ಮಲಗಿದ ಹಾಗಿರತ್ತೆ."

ಅವನು ತಲೆ ಕೆರೆದುಕೊಂಡ. "ಆಯ್ತು ತಾಯಿ. ನಾಳೆ ಡಬ್ಬಿ ಕಟ್ಟು, ಹೋಗ್ತೀನಿ."

ಬೆಳಗ್ಗೆ ಅವಳು ಅವನಿಗಿಷ್ಟವಾದದ್ದನ್ನೇ ಮಾಡಿ ಡಬ್ಬಿಗೆ ತುಂಬಿದಳು. ಮನೆಯಲ್ಲೆಲ್ಲೂ ಗಂಡನ ಸುಳಿವಿಲ್ಲ. ಡಬ್ಬಿ ಹಿಡಿದು ಹಿತ್ತಲಿಗೆ ಬಂದವಳು ಹಾಗೇ ನಿಂತುಬಿಟ್ಟಳು. ಕಾರ್ಖಾನೆಯ ಕಡೆಯಿಂದ ಆ ವಾಸನೆ ಬರುತ್ತಿತ್ತು. ನುಸಿಗುಳಿಗೆಯದಲ್ಲ, ಹೊಗೆಯದಲ್ಲ, ಆಗ ತಾನೇ ಕೀಸಿದ ಮರದ ಸಿಹಿ, ಒಗರು ವಾಸನೆ. ಎಷ್ಟು ವರ್ಷವಾಗಿತ್ತು! ಅಂತೂ ಇಂತೂ ನನ್ನ ಗಂಡನಿಗೆ ಬುದ್ಧಿ ಬಂತು ಎಂದುಕೊಂಡು, ತಲೆಗೂದಲು ಸರಿ ಮಾಡಿಕೊಂಡು, ಹೊಸ ಮದುವಣಗಿತ್ತಿಯ ಹಾಗೆ ನಗುತ್ತಾ ಬಾಗಿಲು ತಳ್ಳಿದಳು.

ನೆಲದ ತುಂಬ ಮರದ ಹೊಟ್ಟು. ನಡುವೆ ಅದೇ ಕುರ್ಚಿ. ಅಳಿಯ ನೆನೆಸಿದ ನಾಲ್ಕನೇ ಕಾಲು ಒಂದೇ ರಾತ್ರಿಯಲ್ಲಿ ಕಪ್ಪಿಟ್ಟು, ಸಿಪ್ಪೆ ಎದ್ದು, ಏಳು ತಲೆಮಾರು ಕಂಡಂತೆ ಮುದಿಯಾಗಿತ್ತು. ಉಳಿದ ಮೂರನ್ನು ಬಡಗಿ ಬೆಳ್ಳಗೆ ಕೀಸಿಟ್ಟಿದ್ದ. ಈಗ ಅವನು ಕುಕ್ಕರಗಾಲಲ್ಲಿ ಕೂತು ದೊಡ್ಡ ಬೋಗುಣಿಯ ನೀರನ್ನು ನಾಯಿಯ ಮೂತಿಗೆ ಹಿಡಿದಿದ್ದ. ನಾಯಿಯ ಹೊಟ್ಟೆ ಆಗಲೇ ಡೊಳ್ಳಾಗಿತ್ತು.

"ಕುಡಿಯಪ್ಪಾ ಅಳಿಯ, ಇನ್ನೊಂದು ಗುಟುಕು. ಮೂರು ಕಾಲು ಬಾಕಿ ಇದೆ," ಎಂದು ಪೂಸಿ ಹೊಡೆಯುತ್ತಿದ್ದವನು ಹೆಂಡತಿಯನ್ನು ಕಂಡು ಹಿಗ್ಗಿಹೋದ. "ನೋಡೇ, ನೋಡು! ಎಷ್ಟು ಟೀ ಕುದಿಸಿದ್ರೂ ಬರದ ಬಣ್ಣ! ಇನ್ನು ಅವರಪ್ಪನಾಣೆ ಯಾರೂ ಹಿಡಿಯೋಕಾಗಲ್ಲ!"

ಅವಳು ಕುರ್ಚಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, ಇದ್ದಬದ್ದದ್ದನ್ನೆಲ್ಲ ನಾಯಿಯ ಮುಂದೆ ಸುರಿದಳು.

"ಅಯ್ಯೋ, ನನ್ನ ಊಟ ಕಣೇ ಅದು!"

"ಇವತ್ತಿಂದ ಈ ಮನೇಲಿ ದುಡಿಯೋನು ಇವನು," ಎಂದಳು ಅವಳು, ನಾಯಿಯ ತಲೆ ಸವರುತ್ತಾ. "ಉಂಡು ಮಲಗೋ ಅಳಿಯ ನೀವು."