ಸಮೀಕ್ಷೆಯ ಹಾಳೆ

ಕಮ್ಯುನಿಸ್ಟ್ ಸರ್ಕಾರ ಉರುಳಿ ಹತ್ತು ವರ್ಷವಾಗಿತ್ತು. ಆ ಸರ್ಕಾರದ ಕಾಲದಲ್ಲಿ ಸಮೀಕ್ಷೆ ನಡೆದಿದ್ದ ಮನೆಗಳಿಗೇ ಮತ್ತೆ ಹೋಗುತ್ತಿದ್ದ ಸಂಶೋಧಕಿಯೊಬ್ಬಳು ಎದುರಿಗೆ ಬಂದು ಕೂತಾಗ ಮುದುಕಿ ರದ್ಕಾ ಕೆಂಡವಾದಳು.

"ಹೆಸರು ಎಲ್ಲೂ ಬರೆಯೋದಿಲ್ಲ ಅಜ್ಜಿ."

"ಆಗ ಸಮೀಕ್ಷೆಗೆ ಬಂದವನೂ ಹಾಗೇ ಅಂದಿದ್ದ! ಅಂಗಡೀಲಿ ಬ್ರೆಡ್ಡಿಲ್ಲ, ಬಾಯಿ ಬಿಡೋ ಹಾಗಿಲ್ಲ ಅಂತ ನನ್ನ ಗಂಡ ಅವನನ್ನ ನಂಬಿ ಹೇಳಿದರು. ಮೂರನೇ ದಿನ ಪೊಲೀಸರು ಎಳೆದುಕೊಂಡು ಹೋದರು. ಹೆಣಾನೂ ಕೊಡಲಿಲ್ಲ. ಅದನ್ನ ಬರೆದುಕೊಂಡು ಹೋದವನು ಸಿಕ್ಕರೆ ಈಗಲೂ ಅವನ ಕೈ ಮುರೀತೀನಿ!"

"ಬಿಡಕ್ಕಾ, ಈ ಹುಡುಗೀನ ಕಳಿಸು," ಎಂದಳು ಪಕ್ಕದಲ್ಲಿದ್ದ ತಂಗಿ ನೇವೆನಾ. ಗಂಡ ಹೋದ ಮೇಲೆ ರದ್ಕಾಳಿಗೆ ಉಳಿದಿದ್ದವಳು ಅವಳೊಬ್ಬಳೇ.

ಹುಡುಗಿ ಚೀಲದಿಂದ, ಮೂಲೆಯಲ್ಲಿ ಮನೆ ನಂಬರಷ್ಟೇ ಇದ್ದ ಹಳದಿಗಟ್ಟಿದ ಹಾಳೆಯೊಂದನ್ನು ತೆಗೆದು ಮುಂದಿಟ್ಟಳು. "ಅವತ್ತು ಸಮೀಕ್ಷೆಗೆ ಬಂದಿದ್ದವರು ಈ ಮನೇಲಿ ತುಂಬಿದ್ದು ಇದು. ಓದಿ."

ರದ್ಕಾ ಕನ್ನಡಕ ಏರಿಸಿ ಓದಿದಳು. ಪ್ರತಿ ಪ್ರಶ್ನೆಯ ಎದುರಿಗೂ ಒಂದೇ ಉತ್ತರವಿತ್ತು: 'ಪೂರ್ಣ ತೃಪ್ತಿ'. ಗಂಡ ಆಡಿದ ಒಂದು ಮಾತನ್ನೂ ಆ ಮನುಷ್ಯ ಬರೆದಿರಲಿಲ್ಲ.

"ಹಾಗಾದರೆ ಪೊಲೀಸರಿಗೆ ಹೇಳಿದ್ದು ಯಾರು?" ರದ್ಕಾ ಚೀರಿದಳು.

"ಅವತ್ತು ಮನೇಲಿ ಬೇರೆ ಯಾರಿದ್ದರು ಅಜ್ಜಿ?"

"ನಾನು, ಅವರು, ಆಮೇಲೆ..."

ರದ್ಕಾ ತಿರುಗಿ ನೋಡುವಷ್ಟರಲ್ಲಿ ನೇವೆನಾ ಎದ್ದು ಹೊರಬಾಗಿಲು ತೆರೆಯುತ್ತಿದ್ದಳು.