ಇಪ್ಪತ್ತೆರಡು ಬೇಡ

“ಇಪ್ಪತ್ತೆರಡು,” ಎಂದರು ಪ್ರೊಫೆಸರ್ ಒಟ್ಟಾವಿಯಾ ಬ್ರುಸಾದಿನ್.

“ಬೇಡ ಮೇಡಂ,” ಎಂದಳು ನಿವೆಸ್. ಅಂಗಡಿಯಲ್ಲಿ ಬಾಡಿದ ಸೊಪ್ಪನ್ನು ಪಕ್ಕಕ್ಕೆ ಸರಿಸುವವರ ಹಾಗೆ ಹೇಳಿದಳು.

ಒಟ್ಟಾವಿಯಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಟಲಿಯ ವಿದ್ಯಾರ್ಥಿಗಳಿಗೆ ಇಂಥದೊಂದು ಹಕ್ಕನ್ನು ಯಾವ ಪುಣ್ಯಾತ್ಮ ಕೊಟ್ಟನೋ! ಮೌಖಿಕ ಪರೀಕ್ಷೆಯಲ್ಲಿ ಮೂವತ್ತಕ್ಕೆ ಹದಿನೆಂಟು ಬಂದರೆ ಪಾಸು. ಆದರೆ ಬಂದ ಅಂಕ ಮನಸ್ಸಿಗೆ ಹಿಡಿಸದಿದ್ದರೆ ಬೇಡವೆಂದು ಎದ್ದುಹೋಗಿ ಮತ್ತೊಮ್ಮೆ ಬಂದು ಕೂರಬಹುದು. ಬಿಟ್ಟ ಅಂಕ ಮಾತ್ರ ಬಿಟ್ಟ ಹಾಗೆಯೇ, ತಿರುಗಿ ಸಿಗುವುದಿಲ್ಲ. ಮೊದಲ ವರ್ಷದ ಈ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ನಿವೆಸ್ ಈಗಾಗಲೇ ಒಮ್ಮೆ ಇಪ್ಪತ್ತನಾಲ್ಕು, ಒಮ್ಮೆ ಇಪ್ಪತ್ತಾರು, ಹೋದ ಸಲ ಇಪ್ಪತ್ತೇಳನ್ನು ಬಿಟ್ಟು ಹೋಗಿದ್ದಳು. ಇವತ್ತು ಗಾಬರಿಯಲ್ಲಿ ಬೇಡಿಕೆಯ ರೇಖೆಯನ್ನು ತಲೆಕೆಳಗಾಗಿ ಎಳೆದು ಇಪ್ಪತ್ತೆರಡಕ್ಕೆ ಇಳಿದಿದ್ದಳು.

ಇದು ಜುಲೈ ತಿಂಗಳ ಕೊನೆಯ ಪರೀಕ್ಷೆ, ಮುಂದಿನದು ಸೆಪ್ಟೆಂಬರ್‌ನಲ್ಲಿ. ಇವತ್ತು ಪಾಸಾದರೆ ಅವಳ ಹಾಸ್ಟೆಲ್ ಕೋಣೆ ಮುಂದಿನ ವರ್ಷಕ್ಕೂ ಉಳಿಯುತ್ತದೆ, ಇಲ್ಲವಾದರೆ ಬೇರೆಯವರ ಪಾಲಾಗುತ್ತದೆ.

“ಅಲ್ಲಮ್ಮಾ, ಹಾಸ್ಟೆಲ್ ಕೈತಪ್ಪುತ್ತೆ ಅಂತ ಗೊತ್ತು ತಾನೇ?”

“ಗೊತ್ತು ಮೇಡಂ. ಊರಿಂದ ಓಡಾಡ್ತೀನಿ.”

“ಆ ಗುಡ್ಡದ ಮೇಲಿಂದ! ಎರಡು ಬಸ್ಸು, ಒಂದು ರೈಲು. ಹೋಗ್ತಾ ಬರ್ತಾ ಆರು ಗಂಟೆ. ಆ ಆರು ಗಂಟೆಗೆ ನಮ್ಮ ಪುಸ್ತಕದಲ್ಲಿ ಏನಂತಾರೆ?”

“ಅವಕಾಶ ವೆಚ್ಚ,” ಎಂದಳು ನಿವೆಸ್ ತಡವರಿಸದೆ. “ಒಂದನ್ನ ಆರಿಸ್ಕೊಂಡಾಗ ಕೈಬಿಟ್ಟು ಹೋಗೋ ಇನ್ನೊಂದರ ಬೆಲೆ.”

ಒಟ್ಟಾವಿಯಾರ ಮೈ ಉರಿಯಿತು. ಉತ್ತರ ತಪ್ಪಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಇಡೀ ತರಗತಿಯಲ್ಲಿ ಪ್ರಶ್ನೆ ಕೇಳುತ್ತಿದ್ದವಳು ಇವಳೊಬ್ಬಳೇ. ಅವಳು ಬಸ್ಸಿನ ಕಿಟಕಿಗೆ ತಲೆ ಆನಿಸಿ ತೂಕಡಿಸುತ್ತಾ ಓದು ಕಳೆದುಕೊಳ್ಳುವುದನ್ನು ನೆನೆದರೇ ಅವರಿಗೆ ಸಂಕಟವಾಗುತ್ತಿತ್ತು.

“ಈಗ ತಾನೇ ನಿಮ್ಮ ಚಿಕ್ಕಪ್ಪನ ಉದಾಹರಣೆ ಕೊಟ್ರಲ್ಲ, ಇನ್ನೊಂದು ಸಲ ಹೇಳಿ.”

“ಅವನ ಮೂರು ಗಾಲಿಯ ಡಕೋಟಾ ಗಾಡಿ ಮೇಡಂ. ಇಷ್ಟೊಂದು ಸುರಿದಿದೀನಿ, ಈಗ ಹೇಗೆ ಬಿಡ್ಲಿ ಅಂತ ಮತ್ತೆ ಮತ್ತೆ ರಿಪೇರಿ ಮಾಡಿಸ್ತಾನೆ. ಹೋಗಿದ್ದು ಹೋಯ್ತು, ಅದನ್ನ ಲೆಕ್ಕಕ್ಕೆ ಹಿಡೀಬಾರದು ಅನ್ನೋದೇ ಅವನ ತಲೆಗೆ ಹೋಗಲ್ಲ.”

“ಹಾಗಾದ್ರೆ ನೀವು ಮೂರು ಸಲ ಬಿಟ್ಟು ಹೋದ ಅಂಕ?”

“ಅದೇ ಮೇಡಂ ಕಷ್ಟ. ಇಪ್ಪತ್ತೇಳು ಬಿಟ್ಟವಳು ಈಗ ಇಪ್ಪತ್ತೆರಡು ತಗೊಂಡ್ರೆ, ಇಷ್ಟು ದಿನ ಓದಿದ್ದೆಲ್ಲ ದಂಡ ಆಗಲ್ವಾ?”

“ನಿಮ್ಮ ಚಿಕ್ಕಪ್ಪನೂ ಅದನ್ನೇ ಅಲ್ವಾ ಹೇಳೋದು!”

“ಅವನದ್ದು ಗಾಡಿ ಮೇಡಂ. ಇದು ನನ್ನ ಮರ್ಯಾದೆ.”

ಹತ್ತೊಂಬತ್ತು ವರ್ಷ ಇದೇ ಪಾಠ ಮಾಡಿದ ಒಟ್ಟಾವಿಯಾಗೆ ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಉಳಿಯಿತು. ಅವಳನ್ನು ಎಬ್ಬಿಸಿ ಕಳಿಸಿಬಿಡಬೇಕಿತ್ತು. ಕಳಿಸಲಿಲ್ಲ.

“ಇನ್ನೊಂದೇ ಪ್ರಶ್ನೆ. ಸರಿಯಾಗಿ ಹೇಳಿದ್ರೆ ಇಪ್ಪತ್ತನಾಲ್ಕು ಮಾಡ್ತೀನಿ. ಉಪ್ಪಿನ ಬೆಲೆ ಏರಿದ್ರೆ ಜನ ಉಪ್ಪು ತಿನ್ನೋದು ಬಿಡ್ತಾರಾ?”

“ಇಲ್ಲ ಮೇಡಂ. ಅದಕ್ಕೆ ಬದಲಿ ಇಲ್ಲ.”

“ಇಪ್ಪತ್ತನಾಲ್ಕು. ಸಹಿ ಹಾಕಿ.”

“ಬೇಡ ಮೇಡಂ.”

“ಬೆಣ್ಣೆ ಬೆಲೆ ಏರಿದ್ರೆ?”

“ಎಣ್ಣೆ ಹಾಕ್ತಾರೆ.”

“ಇಪ್ಪತ್ತೈದು! ಹೋಗ್ಲಿ, ಇಪ್ಪತ್ತಾರು!”

ಪಕ್ಕದಲ್ಲಿ ಕೂತು ಅಂಕ ಬರೆಯುತ್ತಿದ್ದ ಸಹಾಯಕ ಫೆರುಚ್ಚೊ ಸಣ್ಣಗೆ ಕೆಮ್ಮಿದ. ಒಟ್ಟಾವಿಯಾ ಅವನತ್ತ ನೋಡಲಿಲ್ಲ. ನಿವೆಸ್ ಕಾಲಿನ ಬೆರಳು ನೋಡುತ್ತಾ ತಲೆಯಾಡಿಸಿದಳು.

“ಇಪ್ಪತ್ತೇಳು!” ಮೇಜು ಗುದ್ದಿದರು ಒಟ್ಟಾವಿಯಾ. ಬಹುವಚನ ಯಾವಾಗ ಬಿದ್ದುಹೋಯಿತೋ ಅವರಿಗೇ ತಿಳಿಯಲಿಲ್ಲ. “ಹೋದ ಸಲ ಬಿಟ್ಟಿದ್ದೇ ತಗೋ! ಈಗ ಯಾವ ನಷ್ಟಾನೂ ಇಲ್ಲ. ಸಹಿ ಹಾಕಿ ನಿನ್ನ ಕೋಣೆ ಉಳಿಸ್ಕೋ ತಾಯಿ, ನಿನ್ನ ದಮ್ಮಯ್ಯ!”

ಗಳಿಸದ ಒಂದು ಅಂಕವನ್ನೂ ಯಾರಿಗೂ ಕೊಟ್ಟವರಲ್ಲ ಅವರು. ಮುಖ ಕಿವಿಯವರೆಗೂ ಕೆಂಪೇರಿತು. ಆದರೂ ಹುಡುಗಿಯ ಕೈ ಪೆನ್ನಿನ ಕಡೆ ಸರಿಯುವುದನ್ನು ಕಂಡು, ಮಾನ ಹೋದರೂ ಕೆಲಸವಾಯಿತಲ್ಲ ಎಂದುಕೊಂಡರು.

ನಿವೆಸ್ ಪೆನ್ನು ಎತ್ತಿಕೊಂಡಳು. ಸಹಿ ಹಾಕಬೇಕಾದ ಜಾಗದ ಮೇಲೆ ಅದನ್ನು ಹಿಡಿದು, ಏನೋ ಹೊಳೆದವಳಂತೆ ತಡೆದಳು. ಅವಳ ಮುಖದಲ್ಲಿ ಕುಹಕವಿರಲಿಲ್ಲ, ತರಗತಿಯಲ್ಲಿ ಪ್ರಶ್ನೆ ಕೇಳುವಾಗಿನ ಅದೇ ಶ್ರದ್ಧೆಯಿತ್ತು.

“ಮೇಡಂ, ಐದು ನಿಮಿಷ ಬೇಡ ಅಂದಿದ್ದಕ್ಕೆ ಐದು ಅಂಕ ಏರ್ತು. ಸೆಪ್ಟೆಂಬರ್‌ವರೆಗೆ ಬೇಡ ಅಂದ್ರೆ?”

ಹಿಂದಿನ ಬೆಂಚುಗಳಲ್ಲಿ ಸರದಿಗಾಗಿ ಕಾದಿದ್ದ ಹನ್ನೊಂದು ಮಂದಿ, ಇಡೀ ವರ್ಷ ಪಾಠದಲ್ಲಿ ಒಂದಕ್ಷರ ಬರೆಯದವರು, ತಲೆ ಬಗ್ಗಿಸಿ ಅದನ್ನು ಬರೆದುಕೊಂಡರು.